ಉಗುರು ಮೇಷ್ಟ್ರು ಹಾಕದ ಟೈರು

ನಮ್ಮ ಭಾವನನ್ನು ಊರವರೆಲ್ಲ ಉಗುರು ಮೇಷ್ಟ್ರು ಎಂದೇ ಕರೆಯುತ್ತಾರೆ. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತಿದವರೂ ಅಲ್ಲ. ನಲವತ್ತು ವರ್ಷದಿಂದ ಬೈಕುಗಳಿಗೆ ಟೈರ್ ಹಾಕುವುದೇ ಅವರ ಕೆಲಸ. ಯಾವ ಟೈರ್ ಕೈಗೆ ಬಂದರೂ ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ, ಬಿದ್ದ ಗೆರೆ ಎಷ್ಟು ಹೊತ್ತಿಗೆ ಮಾಯವಾಗುತ್ತದೆಂದು ನೋಡಿದ ಮೇಲೆಯೇ ಬಾಯಿ ಬಿಡುತ್ತಾರೆ. "ಇದು ಐದು ಸಾವಿರ ಕಿಲೋಮೀಟರ್ ಬಂದ್ರೆ ಪುಣ್ಯ" ಎಂದರೆ ಐದು ಸಾವಿರಕ್ಕೇ ಆ ಗಿರಾಕಿ ಮತ್ತೆ ನಮ್ಮ ಬಾಗಿಲಲ್ಲಿ ನಿಂತಿರುತ್ತಾನೆ. ಭಾವನ ಹೆಂಡತಿ ನನ್ನ ಅಕ್ಕ. ಎರಡು ತಿಂಗಳ ಮಟ್ಟಿಗೆ ಕೈಜೋಡಿಸು ಎಂದು ಭಾವ ನನ್ನನ್ನು ಕರೆದದ್ದು. ಆ ಎರಡು ತಿಂಗಳು ಇಪ್ಪತ್ತು ವರ್ಷವಾದರೂ ಮುಗಿದಿಲ್ಲ.

ಅಂಗಡಿಗೆ ಎರಡು ಷಟರ್. ಹಿಂದಿನ ಕೋಣೆಯಲ್ಲಿ ಕಂಪ್ರೆಸರ್ ದಿನವಿಡೀ ಕೆಮ್ಮುತ್ತಿರುತ್ತದೆ. ಮುಂದೆ ಟೈರ್ ಬಿಚ್ಚುವ ಯಂತ್ರ, ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್, ಅದರಲ್ಲಿ ಕೂದಲು ಉದುರಿದ ಬ್ರಷ್. ಹಿಡಿತವೂ ಇರಬೇಕು, ಬಾಳಿಕೆಯೂ ಬರಬೇಕು ಎಂದು ಬರುವವರೇ ಹೆಚ್ಚು. ನನಗೆ ಅವರನ್ನು ಕಂಡರೆ ಮೈ ಉರಿಯುತ್ತದೆ. ಭಾವ ಮಾತ್ರ ಪ್ರತಿಯೊಬ್ಬರಿಗೂ ಅದೇ ಪಾಠ ಒಪ್ಪಿಸುತ್ತಾರೆ.

"ನೋಡಿ, ಮೆತ್ತನೆ ರಬ್ಬರ್ ತನ್ನನ್ನ ರಸ್ತೆಗೆ ಕೊಟ್ಕೊಳ್ಳುತ್ತೆ, ಅದಕ್ಕೇ ಹಿಡಿಯುತ್ತೆ, ಅದಕ್ಕೇ ಬೇಗ ಸವೆಯುತ್ತೆ. ಗಟ್ಟಿ ರಬ್ಬರ್ ತನ್ನನ್ನ ಉಳಿಸ್ಕೊಳ್ಳುತ್ತೆ. ನಿಮಗೆ ಯಾವುದು ಬೇಕು ಹೇಳಿ."

ಗಿರಾಕಿಗೆ ಸುಳ್ಳು ಹೇಳಿದ್ದನ್ನು ನಾನು ನೋಡಿಲ್ಲ. ಅವರು ಸುಳ್ಳು ಹೇಳಿದ್ದು ಒಬ್ಬಳಿಗೆ ಮಾತ್ರ, ಅದೂ ಹೆತ್ತ ಮಗಳಿಗೆ.

ಅವಳನ್ನು ನಾವೆಲ್ಲ ಬುಗುರಿ ಎನ್ನುತ್ತೇವೆ. ನಡೆಯಲು ಕಲಿತಾಗಿನಿಂದ ಒಂದು ಕಡೆ ನಿಂತವಳಲ್ಲ. ಹದಿನೆಂಟು ತುಂಬಿದ ವಾರವೇ ಬೈಕಿನ ಲೈಸೆನ್ಸ್ ಮಾಡಿಸಿಕೊಂಡಳು. ಕೊರಿಯರ್ ಕಚೇರಿಯಲ್ಲಿ ಕೆಲಸ, ಭಾನುವಾರ ಬೆಳಿಗ್ಗೆ ಊರಾಚೆಯ ಗುಡ್ಡದ ರಸ್ತೆ. ಅಲ್ಲಿ ಒಂದರ ಬೆನ್ನಿಗೊಂದು ತಿರುವು. ಹೇಗೆ ಓಡಿಸುತ್ತಾಳೋ ನೋಡೋಣ ಎಂದು ಒಮ್ಮೆ ಹಿಂದೆ ಕೂತು ಹೋಗಿದ್ದೆ. ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ, ಆದರೆ ಒಂದು ತಿರುವಿನಲ್ಲೂ ಬೈಕು ತಡವರಿಸಲಿಲ್ಲ. ಇಳಿದ ಮೇಲೆ ಭಾವನಿಗೆ ಹೇಳಿದೆ, "ಇವಳ ಕೈ ಚೆನ್ನಾಗಿದೆ ಭಾವ. ಹುಟ್ಟಿನಿಂದಲೇ ಬಂದಿರೋ ಕೈ."

ಆರು ವರ್ಷದ ಹಿಂದೆ, ಅವಳಿಗೆ ಇಪ್ಪತ್ತೆಂಟು. ಒಂದು ಸಂಜೆ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತಳು.

"ಅಪ್ಪಾ, ರಸ್ತೇಲಿ ಓಡಿಸೋಕೆ ಕಾನೂನು ಒಪ್ಪೋ ಟೈರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿತ ಯಾವುದರದ್ದು?"

"ಗಿರಾಕಿ ಥರ ಕೇಳ್ತಿದೀಯ, ಗಿರಾಕಿ ಥರಾನೇ ಉತ್ತರ ಕೊಡು. ದಿನಕ್ಕೆ ಎಷ್ಟು ಓಡಾಟ?"

"ಹೋಗ್ತಾ ಬರ್ತಾ ಮೂವತ್ತು ಕಿಲೋಮೀಟರ್. ಭಾನುವಾರ ಗುಡ್ಡ."

"ಮಳೇಲಿ?"

"ಮಳೇಲೂ ಓಡಿಸ್ತೀನಿ."

"ಹಾಗಿದ್ರೆ ರೇಸಿನ ಟೈರ್ ಮಾತು ಬಿಡು. ಅದರಲ್ಲಿ ಗೀರೇ ಇರಲ್ಲ, ನೀರು ಎಲ್ಲಿಗೆ ಹೋಗ್ಬೇಕು? ರಸ್ತೇಲಿ ಪೊಲೀಸರೂ ಬಿಡಲ್ಲ." ಭಾವ ಮೇಲಿನ ಕಂಬಿಯಿಂದ ಒಂದು ಟೈರ್ ಇಳಿಸಿದರು. "ಇದು ರಸ್ತೆಗೆ ಅಂತಾನೇ ಮಾಡಿದ್ದು. ಬಿಸಿಯಾದ್ರೆ ಅಂಟಿಕೊಂಡ ಹಾಗೆ ಹೋಗುತ್ತೆ. ಆದ್ರೆ ಐದು ಸಾವಿರಕ್ಕೆ ಮುಗೀತು. ನಿನ್ನ ದಿನದ ಓಡಾಟಕ್ಕೆ ನಡುಭಾಗ ಚಪ್ಪಟೆ ಆಗುತ್ತೆ, ಅಂಚು ಹೊಸದರ ಹಾಗೇ ಉಳಿಯುತ್ತೆ. ಹೊಟ್ಟೆ ಉರಿಯುತ್ತೆ ಆಗ."

"ಚಪ್ಪಟೆ ಆದ್ರೆ ಬದಲಾಯಿಸೋದು. ಅಪ್ಪನ ಅಂಗಡಿ ಇರೋದು ಮತ್ಯಾಕೆ?"

"ಅಪ್ಪನ ಅಂಗಡಿ ಇರೋದು ನಮ್ಮಿಬ್ಬರ ಹೊಟ್ಟೆಪಾಡಿಗೆ ಕಣಮ್ಮ" ಎಂದೆ ನಾನು. ಮೂವರೂ ನಕ್ಕೆವು. ಬೈಕನ್ನು ಬಿಟ್ಟು ಹೋದಳು.

ಆ ಕಂಪನಿ ಒಂದೇ ಅಚ್ಚಿನಲ್ಲಿ ಎರಡು ಬಗೆಯ ಟೈರ್ ಮಾಡುತ್ತಿತ್ತು. ಗೀರು ಒಂದೇ, ಹೆಸರು ಒಂದೇ. ಒಂದರ ರಬ್ಬರು ಮೆತ್ತಗೆ, ಇನ್ನೊಂದರದು ಗಟ್ಟಿ. ಗಟ್ಟಿಯದು ಹದಿನೈದು ಸಾವಿರ ಕಿಲೋಮೀಟರ್ ಬಾಳುತ್ತಿತ್ತು. ಮೆತ್ತನೆಯದರ ಬದಿಯಲ್ಲಿ ಉಗುರಗಲದ ಒಂದು ತ್ರಿಕೋನ, ಅಷ್ಟೇ ವ್ಯತ್ಯಾಸ. ಮರುದಿನ ಮಧ್ಯಾಹ್ನ ಭಾವ ಟೈರ್ ಇಳಿಸು ಎಂದು ಕೈ ತೋರಿಸಿದ ಜೋಡಿಯಲ್ಲಿ ತ್ರಿಕೋನ ಇರಲಿಲ್ಲ.

"ಭಾವ, ಇದು ಗಟ್ಟೀದು."

"ಗೊತ್ತು. ಇಳಿಸು."

ನಾನು ಮುಖ ನೋಡಿದೆ. ಅವರು ಚಕ್ರ ಬಿಚ್ಚುತ್ತಲೇ ಹೇಳಿದರು, "ಹಿಡಿತ ಜಾಸ್ತಿ ಕೊಟ್ರೆ ಇನ್ನೂ ಜಾಸ್ತಿ ವಾಲಿಸ್ತಾಳೆ. ಅದಕ್ಕೆ ಕೊನೆ ಎಲ್ಲಿ? ಇದು ಒಂಚೂರು ಜಾರಿದ ಹಾಗೆ ಆದ್ರೆ ತಾನೇ ಹೆದರಿ ನಿಧಾನ ಮಾಡ್ತಾಳೆ."

"ಅವಳಿಗೆ ಹೇಳ್ತೀರಾ?"

"ಹೇಳಿದ್ರೆ ಬೇರೆ ಅಂಗಡೀಲಿ ಹಾಕಿಸ್ಕೊಂಡು ಬರ್ತಾಳೆ."

ಆಗ ಅದು ನನಗೆ ಸರಿಯೆನಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಜಾಣತನವೆಂದೇ ಅನ್ನಿಸಿತು. ಮೆತ್ತನೆಯ ಟೈರಿನ ಮೇಲಿದ್ದ ಕಂಪನಿಯ ಕಾಗದದ ಚೀಟಿಯನ್ನು ಹುಷಾರಾಗಿ ಬಿಡಿಸಿ ಗಟ್ಟಿಯದಕ್ಕೆ ಅಂಟಿಸಿದ್ದು ನಾನೇ. ಭಾವ ಹೇಳಿರಲಿಲ್ಲ, ನನ್ನದೇ ಬುದ್ಧಿ. ಎಷ್ಟು ಹಿಡಿತವಿದೆ ಎಂಬುದು ನಮ್ಮಿಬ್ಬರಿಗೆ ಗೊತ್ತಿತ್ತು, ಓಡಿಸುವವಳಿಗೆ ಗೊತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ಅಷ್ಟು ವರ್ಷ ಟೈರ್ ಮುಟ್ಟಿದವರ ತಲೆಗೂ ಹೊಳೆಯಲಿಲ್ಲ, ನನ್ನ ತಲೆಗಂತೂ ಹೊಳೆಯುವ ಮಾತೇ ಇಲ್ಲ.

ಸಂಜೆ ಬುಗುರಿ ಬಂದಳು. ಚೀಟಿ ನೋಡಿದಳು, ಅಪ್ಪನ ಹಾಗೆಯೇ ಉಗುರು ಒತ್ತಿದಳು. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತ ಬೈಕು. ಯಾವ ರಬ್ಬರಾದರೂ ಮೆತ್ತಗೇ ಇರುತ್ತದೆ.

"ಬೆಣ್ಣೆ ಥರ ಇದೆ ಅಪ್ಪಾ!"

"ಮೊದಲ ನೂರು ಕಿಲೋಮೀಟರ್ ನಿಧಾನ. ಹೊಸ ಟೈರ್ ಮೇಲೆ ಜಾರೋ ಗುಣ ಇರುತ್ತೆ" ಎಂದು ಭಾವ ಒಳಗೆ ಹೋದರು.

ಎರಡು ತಿಂಗಳು ಏನೂ ಆಗಲಿಲ್ಲ. ಅಷ್ಟರಲ್ಲಿ ಅವಳಿಗೆ ದೊಡ್ಡದೊಂದು ಸಂತೋಷದ ಸುದ್ದಿ ಬಂತು. ಊರಿನ ಬೈಕ್ ತರಬೇತಿ ಶಾಲೆಯವರು ಅವಳನ್ನು ಕಲಿಸುವವಳಾಗಿ ತೆಗೆದುಕೊಂಡರು. ಆ ಶಾಲೆಯಲ್ಲಿ ಅದುವರೆಗೆ ಹೆಣ್ಣುಮಕ್ಕಳು ಯಾರೂ ಆ ಕೆಲಸದಲ್ಲಿ ಇರಲಿಲ್ಲ. ಕೊರಿಯರ್ ಕಚೇರಿಗೆ ರಾಜೀನಾಮೆ ಕೊಟ್ಟಾಯಿತು. ಒಂದನೇ ತಾರೀಖಿಗೆ ಸೇರಬೇಕು. ಅದಕ್ಕೆ ಹತ್ತು ದಿನ ಮೊದಲು, ಭಾನುವಾರ ಬೆಳಿಗ್ಗೆ, ಗುಡ್ಡದ ನಾಲ್ಕನೇ ತಿರುವಿನಲ್ಲಿ ಬೈಕಿನ ಹಿಂದಿನ ಚಕ್ರ ಜಾರಿ ಬಿದ್ದಳು. ಭುಜದ ಮೂಳೆ, ಬಲಗೈ ಮಣಿಕಟ್ಟು ಎರಡೂ ಮುರಿದವು.

ಬೈಕನ್ನು ಸಣ್ಣ ಟೆಂಪೋದಲ್ಲಿ ತಂದವನು ನಾನು. ಆಸ್ಪತ್ರೆಗೆ ಹೊರಟಿದ್ದ ಭಾವ ಬೈಕನ್ನು ಕಂಡು ನಿಂತರು, ಹಿಂದಿನ ಟೈರಿನ ಅಂಚಿಗೆ ಬೆರಳಾಡಿಸಿದರು. ಮೆತ್ತನೆಯ ರಬ್ಬರು ಕಾದು ರಸ್ತೆಯನ್ನು ಹಿಡಿದಿದ್ದರೆ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಉಂಡೆಗಳು ಸುತ್ತಿಕೊಂಡಿರುತ್ತವೆ. ಇದರ ಅಂಚು ನುಣ್ಣಗೆ ಸವರಿದ ಹಾಗಿತ್ತು. ಭಾವ ಬೆರಳು ಒರೆಸಿಕೊಂಡು ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟರು.

ಬುಗುರಿ ಮಂಚದ ಮೇಲೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ನಮ್ಮ ಮುಖ ನೋಡಿ ಅವಳೇ ಸಮಾಧಾನಕ್ಕೆ ಇಳಿದಳು.

"ಟೈರ್ ತಪ್ಪಲ್ಲಪ್ಪಾ, ನೀನು ಬೇಜಾರ್ ಮಾಡ್ಕೋಬೇಡ. ಅಂಥಾ ಟೈರ್ ಇದ್ದೂ ಜಾರಿಸ್ದೆ ಅಂದ್ರೆ ನನ್ನ ಅಂದಾಜೇ ಸರಿ ಇಲ್ಲ. ಯಾವಾಗಿನ ಹಾಗೇ ವಾಲಿಸ್ದೆ ಅಂದ್ಕೊಂಡೆ. ಎಲ್ಲಿ ತಪ್ಪಿತೋ ಗೊತ್ತೇ ಆಗ್ಲಿಲ್ಲ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನಾನು ಭಾವನ ಕಡೆ ನೋಡಿದೆ. ಭಾವ ಅವಳ ಹೊದಿಕೆಯನ್ನು ಸರಿಮಾಡಿ, ಕುಡಿಯಲು ನೀರು ಬೇಕಾ ಎಂದು ಕೇಳಿದರು. ನಾನಾದರೂ ಹೇಳಬಹುದಿತ್ತು. ನನ್ನ ನಾಲಿಗೆಗೆ ಯಾರೂ ಬೀಗ ಹಾಕಿರಲಿಲ್ಲ.

ಮೂಳೆ ಮೂರು ತಿಂಗಳಲ್ಲಿ ಕೂಡಿತು. ಶಾಲೆಯ ಮುಖ್ಯಸ್ಥರು ಜಾಗ ಖಾಲಿ ಇಟ್ಟುಕೊಂಡೇ ಕಾದಿದ್ದರು. ಇವಳೇ ಹೋಗಿ, ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲ, ಇನ್ನೊಬ್ಬರಿಗೆ ಏನು ಕಲಿಸಲಿ ಎಂದು ಹೇಳಿ ಬಂದಳು. ಅವರು ಬೇರೆ ದಾರಿ ಕಾಣದೆ ಕಚೇರಿಯಲ್ಲಿ ಮೇಜು ಕೊಟ್ಟರು. ಅಂದಿನಿಂದ ಕಲಿಯಲು ಬರುವವರ ಅರ್ಜಿ ತುಂಬುವುದು ಅವಳ ಕೆಲಸ. ಮೇಜಿನ ಮುಂದೆ ದೊಡ್ಡ ಗಾಜಿನ ಕಿಟಕಿ, ಕಿಟಕಿಯಾಚೆ ಬೈಕು ಕಲಿಸುವ ಅಂಗಳ. ತನ್ನ ಬೈಕನ್ನು ಮಾರಿ ಸಣ್ಣ ಸ್ಕೂಟರ್ ತೆಗೆದುಕೊಂಡಳು. ಅದನ್ನು ರಸ್ತೆಯ ಅಂಚಿಗೆ, ಸೈಕಲ್ಲಿನವರೂ ದಾಟಿ ಹೋಗುವಷ್ಟು ನಿಧಾನವಾಗಿ ಓಡಿಸುತ್ತಾಳೆ. ತಿರುವು ಬಂದರೆ ಎರಡೂ ಕಾಲು ಕೆಳಗೆ ಬಿಡುತ್ತಾಳೆ.

ಅಕ್ಕನಿಗೆ ಮಾತ್ರ ಹೋದ ಜೀವ ಬಂದಂತಾಗಿತ್ತು. ಮಗಳು ಗುಡ್ಡ ಹತ್ತುವುದನ್ನು ಬಿಟ್ಟಳಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡಳು. ಭಾವ ಒಮ್ಮೆ ಊಟದ ಡಬ್ಬಿ ಮುಚ್ಚುತ್ತಾ ನನ್ನ ಹತ್ತಿರ ಬಾಯಿಬಿಟ್ಟರು. "ನನಗೂ ಒಳಗೊಳಗೇ ಸಮಾಧಾನ ಆಗಿತ್ತು ಕಣೋ. ಮೇಜಿನ ಮುಂದೆ ಕೂತವಳು ಎಲ್ಲಿಂದ ಬೀಳ್ತಾಳೆ? ಅದಕ್ಕೇ ಸುಮ್ನಿದ್ದೆ. ನಾನು ಬೇಕು ಅಂದ್ಕೊಂಡಿದ್ದೇ ಆಯ್ತಲ್ಲ." ಹೀಗೆಂದವರು ಡಬ್ಬಿಯ ಮುಚ್ಚಳವನ್ನು ಮೂರು ಸಲ ಹಾಕಿ ತೆಗೆದರು.

ಉಳಿದಿದ್ದ ಮೆತ್ತನೆಯ ಜೋಡಿಯನ್ನು ಅದೇ ವರ್ಷ ಯಾರೋ ಹೊಸ ಗಿರಾಕಿಗೆ ಹಾಕಿದ್ದೆವು. ನಾಲ್ಕು ತಿಂಗಳಿಗೆ ನಡುಭಾಗ ಚಪ್ಪಟೆ ಮಾಡಿಕೊಂಡು ಬಂದ. "ಬೇಗ ಸವೆದು ಹೋಯ್ತು ಮೇಷ್ಟ್ರೇ, ಆದ್ರೂ ಇಂಥದ್ದೇ ಹಾಕಿ. ಗುಡ್ಡದ ನಾಲ್ಕನೇ ತಿರುವಲ್ಲಿ ಎಷ್ಟು ವಾಲಿಸಿದ್ರೂ ಅಲ್ಲಾಡಲ್ಲ" ಎಂದು ಹೊಗಳಿದ. ಭಾವ ಆ ಚಕ್ರವನ್ನು ನನ್ನ ಕಡೆ ತಳ್ಳಿ ಹಿಂದಿನ ಕೋಣೆಗೆ ಹೋದವರು ಅವನು ಹೋಗುವವರೆಗೂ ಹೊರಗೆ ಬರಲಿಲ್ಲ.

ಆರು ವರ್ಷ ಹೀಗೇ ಕಳೆಯಿತು. ಹೋದ ತಿಂಗಳು ಒಂದು ಬೆಳಿಗ್ಗೆ ಬುಗುರಿ ತನ್ನ ತರಬೇತಿ ಶಾಲೆಯಲ್ಲಿ ಬೈಕು ಕಲಿತು ಮುಗಿಸಿದ ಇಬ್ಬರು ಹುಡುಗಿಯರನ್ನು ಅಂಗಡಿಗೆ ಕರೆತಂದಳು. ಇಬ್ಬರಿಗೂ ಹಿಡಿತದ ಟೈರ್ ಬೇಕಂತೆ. ಭಾವ ಎಂದಿನ ಪಾಠ ಶುರು ಮಾಡಿದರು: ಮೆತ್ತನೆಯದು, ಗಟ್ಟಿಯದು, ಐದು ಸಾವಿರ, ಹದಿನೈದು ಸಾವಿರ. ಹುಡುಗಿಯರು ಮೆತ್ತನೆಯದೇ ಬೇಕೆಂದರು. ಆಗ ಬುಗುರಿ ನಡುವೆ ಬಾಯಿ ಹಾಕಿದಳು.

"ಹಾಕಿಸ್ಕೊಳ್ಳಿ, ಆದ್ರೆ ಟೈರ್ ನಂಬ್ಕೊಂಡು ಹಾರಾಡ್ಬೇಡಿ. ಇದಕ್ಕಿಂತ ಒಳ್ಳೇದು ಇಲ್ಲ ಅನ್ನೋಂಥ ಟೈರ್‌ನ ನಮ್ಮಪ್ಪ ಕೈಯಾರೆ ಹಾಕ್ಕೊಟ್ಟಿದ್ರು ನನಗೆ. ಆದ್ರೂ ಬಿದ್ದೆ. ಕೆಲವರ ಕೈಯೇ ಅಷ್ಟು."

ನಗುನಗುತ್ತಲೇ ಹೇಳಿದಳು. ಎಷ್ಟೋ ಜನರಿಗೆ ಹೇಳಿ ಹೇಳಿ ಆ ಮಾತು ಅವಳ ಬಾಯಲ್ಲಿ ಪಳಗಿಹೋಗಿತ್ತು. ಭಾವನ ಕೈಯಲ್ಲಿದ್ದ ಬ್ರಷ್ಷಿನಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

"ನಾನು ನಿನಗೆ ಆ ಟೈರ್ ಹಾಕಿರ್ಲಿಲ್ಲ" ಎಂದರು.

ಅವಳಿಗೆ ಅರ್ಥವಾಗಲಿಲ್ಲ. ಭಾವ ಎಲ್ಲವನ್ನೂ ಹೇಳಿದರು. ತ್ರಿಕೋನದ ವಿಷಯ, ಟೈರಿನ ನುಣುಪಾದ ಅಂಚಿನ ವಿಷಯ, ಯಾಕೆ ಹಾಗೆ ಮಾಡಿದೆ ಎಂಬುದು. ಚೀಟಿಯ ವಿಷಯವನ್ನು ಬಿಟ್ಟರು. ಅದನ್ನು ನಾನು ಹೇಳಿದೆ. ಹುಡುಗಿಯರು ಇನ್ನೊಂದು ಸಲ ಬರ್ತೀವಿ ಎಂದು ಮೆಲ್ಲಗೆ ಹೊರಟುಹೋದರು.

ಬುಗುರಿ ಗಿರಾಕಿಯ ಹಾಗೆ ಒಂದೊಂದೇ ಕೇಳಿದಳು.

"ಹಿಂದಿನ ಟೈರಾ, ಮುಂದಿನ ಟೈರಾ?"

"ಎರಡೂ."

"ಮೆತ್ತಂದು ಇದ್ದಿದ್ರೆ ನಿಲ್ತಿತ್ತಾ?"

"ಆಣೆ ಇಟ್ಟು ಹೇಳಕ್ಕಾಗಲ್ಲ ಮಗಳೇ. ನಿಲ್ತಿತ್ತು ಅಂತಾನೇ ನನ್ನ ಲೆಕ್ಕ."

"ಅಂದ್ರೆ ನನ್ನ ಕೈ ಸರಿ ಇತ್ತು."

ಭಾವ ಹೌದೆಂದು ತಲೆ ಆಡಿಸಿದರು. ಅವಳು ತನ್ನ ಎರಡು ಅಂಗೈಗಳನ್ನೂ ಒಮ್ಮೆ ನೋಡಿಕೊಂಡಳು. ಬೈದಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು.

"ಬೀಳೋದನ್ನ ನಾನು ತಡ್ಕೋತಿದ್ದೆ ಅಪ್ಪಾ. ಆಸ್ಪತ್ರೇಲಿ ನಿಮ್ಮಿಬ್ಬರ ಮುಖ ನೋಡಿ ನಾನೇ ಸಮಾಧಾನ ಮಾಡಿದ್ನಲ್ಲ, ಆಗಾದ್ರೂ ಹೇಳ್ಬಾರ್ದಿತ್ತಾ?"

ಭಾವ ಅಳುತ್ತಿದ್ದರು. ಯಾವ ಬೈಕು ಬೇಕೋ ಕೇಳು, ಯಾವ ಟೈರ್ ಬೇಕೋ ಹಾಕಿ ಕೊಡ್ತೀನಿ, ಮುಖ್ಯಸ್ಥರ ಹತ್ತಿರ ನಾನೇ ಬಂದು ಮಾತಾಡ್ತೀನಿ ಎಂದರು. ಆ ಜಾಗಕ್ಕೆ ಬೇರೆಯವರು ಬಂದು ಐದು ವರ್ಷವಾಯಿತು ಎಂದಳು ಬುಗುರಿ. ಕಚೇರಿಗೆ ಹೊತ್ತಾಯಿತೆಂದು ಹೆಲ್ಮೆಟ್ ಹಾಕಿಕೊಂಡಳು. ರಸ್ತೆಯ ತಿರುವಿನಲ್ಲಿ ಆ ದಿನವೂ ಎರಡೂ ಕಾಲು ಕೆಳಗೆ ಬಿಟ್ಟಳು. ಆರು ವರ್ಷದ ರೂಢಿ ಒಂದು ಮಾತಿಗೆ ಹೋಗುವಂಥದ್ದಲ್ಲ.

ಅವಳು ಮನೆಗೆ ಬರುವುದನ್ನೇನೂ ಬಿಟ್ಟಿಲ್ಲ. ಅಮ್ಮನ ಜೊತೆ ಮಾತಾಡುತ್ತಾಳೆ, ನನ್ನನ್ನು ಮಾವ ಎಂದೇ ಕರೆಯುತ್ತಾಳೆ, ಅಪ್ಪನಿಗೆ ಮಾತ್ರೆ ಆಯ್ತಾ ಎಂದು ಕೇಳುತ್ತಾಳೆ. ಅಕ್ಕನಿಗೆ ಏನೂ ವ್ಯತ್ಯಾಸ ಕಂಡಿಲ್ಲ. ಆದರೆ ಅವಳು ಕಚೇರಿಗೆ ಹೋಗುವ ದಾರಿ ನಮ್ಮ ಅಂಗಡಿಯ ಮುಂದೆಯೇ. ಸೋಮವಾರ ಬೆಳಿಗ್ಗೆ ಸ್ಕೂಟರಿನ ಹಿಂದಿನ ಚಕ್ರ ಅರ್ಧಕ್ಕರ್ಧ ಇಳಿದಿತ್ತು. ಅವಳು ಇನ್ನೂ ದೂರದಲ್ಲಿರುವಾಗಲೇ ಭಾವನಿಗೆ ಗೊತ್ತಾಯಿತು. ಗಾಳಿಯ ಪೈಪ್ ಎಳೆದುಕೊಂಡು ರಸ್ತೆಯವರೆಗೂ ಹೋಗಿ ನಿಂತರು. ಬುಗುರಿ ಕಂಡು ತಲೆ ಬಗ್ಗಿಸಿ ನಕ್ಕಳು, ನಿಲ್ಲಿಸಲಿಲ್ಲ. ನಾಲ್ಕು ಅಂಗಡಿ ದಾಟಿ ಪೆಟ್ರೋಲ್ ಬಂಕಿನಲ್ಲಿ ಇಳಿದು, ಯಾರೋ ಗುರುತಿಲ್ಲದವನ ಹತ್ತಿರ ಗಾಳಿ ಹಾಕಿಸಿಕೊಂಡು, ಅವನು ಹಾಕಿದ್ದನ್ನು ತಾನೇ ಬಗ್ಗಿ ಮೀಟರಿನಲ್ಲಿ ನೋಡಿಕೊಂಡು ಹೋದಳು.