ಸಂಜೆ ಐದೂವರೆಯ ಮನೆ

‘ಮನೆಯ ತಪ್ಪನ್ನು ಕಂಪ್ಯೂಟರ್ ಹಿಡಿಯಿತು.’

ಗಾಣಗಾಪುರದಲ್ಲಿ ಸದ್ಯ ಈ ಕಥೆ ಓಡುತ್ತಿದೆ. ಓಡಿಸುತ್ತಿರುವವರು ನನ್ನ ಸೋದರಮಾವ. ದೇವಸ್ಥಾನದ ದಾರಿಯಲ್ಲಿ ಅವರದೊಂದು ತೆಂಗಿನಕಾಯಿ, ಊದಿನಕಡ್ಡಿಯ ಅಂಗಡಿ. ಕಾಯಿ ಕೊಂಡವರಿಗೆಲ್ಲ ಕಥೆ ಫ್ರೀ.

‘ನಮ್ಮ ಅಕ್ಕನ ಮಗಳು ಕಂಪ್ಯೂಟರ್‌ನ್ಯಾಗ ಮನಿ ಕಟ್ಟಿದ್ಲರಿ. ಅದ್ರಾಗ ತಪ್ಪಿತ್ತು. ಮಷೀನ್ ಪಟ್ಟಂತ ಹಿಡೀತು ನೋಡ್ರಿ!’

ಆ ಅಕ್ಕನ ಮಗಳು ನಾನೇ. ಮಷೀನೂ ನನ್ನದೇ. ಹಾಗಾಗಿ ಸಾಕ್ಷಿ ಹೇಳುವ ಹಕ್ಕೂ ನನಗಿದೆ. ಕಥೆ ಸುಳ್ಳು.

ನಾನು ಆರ್ಕಿಟೆಕ್ಚರ್ ಮೂರನೇ ವರ್ಷದ ವಿದ್ಯಾರ್ಥಿನಿ. ಈ ಸೆಮಿಸ್ಟರ್ ಮಾಡೆಲಿಂಗ್, ರೆಂಡರಿಂಗ್ ಕಲಿಸುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಮನೆಯ ಮೈ ಕಟ್ಟುವುದು ಮಾಡೆಲಿಂಗ್. ಆ ಮೈಗೆ ಕಲ್ಲು, ಬಣ್ಣ, ಬೆಳಕು ಹಚ್ಚಿ ಫೋಟೋದಂಥ ಚಿತ್ರ ತೆಗೆಯುವುದು ರೆಂಡರಿಂಗ್. ಹೇಳಲು ಎರಡೇ ಸಾಲು. ಕಲಿಯಲು? ಮೊದಲ ತಿಂಗಳು ನನ್ನ ಗೋಡೆಗಳು ನೆಲ ಮುಟ್ಟದೆ ತೇಲುತ್ತಿದ್ದವು. ಶಹಾಬಾದಿ ಫರಸಿ ಹಾಸಿದರೆ ಒಂದೊಂದು ಕಲ್ಲು ಬಸ್ಸಿನಷ್ಟು ಆಗುತ್ತಿತ್ತು. ರೆಂಡರ್‌ಗೆ ಹಚ್ಚಿದರೆ ಲ್ಯಾಪ್‌ಟಾಪ್ ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಆದರೂ ಸುಳ್ಳು ಹೇಳುವುದಿಲ್ಲ, ಇಷ್ಟು ಖುಷಿ ನನಗೆ ಬೇರೆ ಯಾವ ವಿಷಯವೂ ಕೊಟ್ಟಿಲ್ಲ.

ನಮ್ಮ ಸರ್ ಹೇಳಿಕೊಟ್ಟ ಮೊದಲ ಗುಟ್ಟು: ‘ಸಾಫ್ಟ್‌ವೇರಿನ ಗಡಿಯಾರ ಸಂಜಿ ಐದೂವರಿಗೆ ಇಡ್ರಿ. ಆ ಬೆಳಕಿನ್ಯಾಗ ದನದ ಕೊಟ್ಟಿಗಿನೂ ರೆಸಾರ್ಟ್ ಕಾಣ್ತದ.’

(ಡಿಬೇಟ್ ಮಾಡಿ ಬೆಳೆದವಳಿಗೆ ಇದೇನು ಹೊಸದಲ್ಲ. ನಮ್ಮ ವಾದವನ್ನು ಚಂದದ ಬೆಳಕಿನಲ್ಲಿ ಇಡುವುದು, ಅದರ ಹುಳುಕನ್ನು ನೆರಳಿಗೆ ತಳ್ಳುವುದು. ರೆಂಡರ್ ಎಂದರೆ ಬಾಯಿಲ್ಲದ ಡಿಬೇಟರ್.)

ರಜೆಗೆ ಅಫಜಲಪುರದ ಮನೆಗೆ ಬಂದಿದ್ದೆ. ಮಾಮಾನ ಫೋನು ಬಂತು. ‘ಏ ಹುಡುಗಿ, ಮನಿ ಮುಂದಿಂದು ಹೊಸದಾಗಿ ಕಟ್ಟಸಾಕತ್ತೇನಿ. ನಿನ್ನ ಡಬ್ಬಿ ತಗೊಂಡು ಬಾ.’

ಡಬ್ಬಿ ಎಂದರೆ ಲ್ಯಾಪ್‌ಟಾಪ್.

ಅವರ ಬೇಡಿಕೆ ಸರಳ. ಮನೆಯ ಮುಂದಿನ ಹಳೇ ಕಟ್ಟೆಯನ್ನೂ ಅದಕ್ಕೆ ನೆರಳಾಗಿ ಗೋಡೆಯಿಂದ ಚಾಚಿದ ಕಲ್ಲಿನ ಛಜ್ಜಾವನ್ನೂ ಒಡೆಯಬೇಕು. ಆ ಜಾಗದಲ್ಲಿ ಆಳೆತ್ತರದ ಕಂಪೌಂಡ್, ಕಬ್ಬಿಣದ ಗೇಟು, ಒಳಗೆ ಕಾರ್ ನಿಲ್ಲಲು ಜಾಗ. ಗಾಣಗಾಪುರಕ್ಕೆ ಹೋಗಿ, ಎರಡು ದಿನದಲ್ಲಿ ಎಲ್ಲವನ್ನೂ ಪರದೆಯ ಮೇಲೆ ಕಟ್ಟಿದೆ. ಗಡಿಯಾರ ಐದೂವರೆಗೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆ, ಸಂಜೆ ಬಿಸಿಲಿಗೆ ಬಂಗಾರವಾಯಿತು. ಎದುರಿಗೆ ಎರಡು ದೊಡ್ಡ ಮರ ನೆಟ್ಟೆ. ಅವುಗಳ ಉದ್ದನೆಯ ನೆರಳು ಗೇಟಿನ ಮೇಲೆ ಬಿತ್ತು. ಸಾಫ್ಟ್‌ವೇರಿನಲ್ಲಿ ರೆಡಿಮೇಡ್ ಮನುಷ್ಯರೂ ಸಿಗುತ್ತಾರೆ. ನಾಯಿ ಹಿಡಿದು ಓಡುವ ಬಿಳಿ ಹೆಂಗಸೊಬ್ಬಳನ್ನು ರಸ್ತೆಗೆ ಬಿಟ್ಟೆ.

ಮಾಮಾ ಅದನ್ನು ಸ್ಟೇಟಸ್‌ಗೆ ಹಾಕಿಕೊಂಡರು. ಪಕ್ಕದ ಅಂಗಡಿಯವರು ಕೇಳಿದರಂತೆ: ‘ಮನಿ ಚಂದ ಅದಪಾ. ಈ ಹೆಣ್ಮಗಳು ಯಾರು? ನಿಮ್ಮಲ್ಲೇ ಇಳದಾಳೇನು?’

ಮಾಮಾನ ಹೆಂಡತಿ, ನನ್ನ ಅತ್ತಿ ಮಾತ್ರ ‘ಚಂದ ಅದ’ ಅಂದು ಒಳಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಇಜೇರಿ ಊರಿನ ಗಾರೆ ಕೆಲಸದ ಗೌಂಡಿ ಕಟ್ಟೆ ಒಡೆಯಲು ಬರುವವರಿದ್ದರು. ಒಮ್ಮೆ ಸುತ್ತಿಗೆ ಬಿದ್ದರೆ ಆ ಕಟ್ಟೆ ಮತ್ತೆ ಬರುವಂಥದ್ದಲ್ಲ. ಅದರ ಹಿಂದಿನ ಸಂಜೆ ಅತ್ತಿ ಜೋಳದ ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕ ಕೂತರು.

‘ಇದು ಯಾವ ಹೊತ್ತಿಂದು?’

‘ಸಂಜಿ ಐದೂವರಿದು, ಅತ್ತಿ.’

‘ನಡುಮಧ್ಯಾಹ್ನದ್ದು ತೋರ್ಸು.’

ಯಾರೂ ಕೇಳದ ಪ್ರಶ್ನೆ. ಸರ್ ಕೇಳಿರಲಿಲ್ಲ, ಮಾಮಾ ಕೇಳಿರಲಿಲ್ಲ, ನಾನಂತೂ ಕೇಳಿಕೊಂಡಿರಲಿಲ್ಲ. ಗಡಿಯಾರವನ್ನು ಹನ್ನೆರಡೂವರೆಗೆ ಎಳೆದೆ. ತಿಂಗಳು ಏಪ್ರಿಲ್. ಬಂಗಾರ ಹೋಯಿತು. ರಸ್ತೆ ಸುಣ್ಣದಂತೆ ಬೆಳ್ಳಗಾಯಿತು. ಮರಗಳ ನೆರಳು ಬುಡಕ್ಕೆ ಓಡಿ ಕೂತಿತು.

‘ಆ ಗಿಡ ನಮ್ಮ ಓಣ್ಯಾಗ ಎಲ್ಲಿ ಅವ?’

ಇಲ್ಲ. ಅಳಿಸಿದೆ.

‘ಆ ಹೆಣ್ಮಗಳನ್ನೂ ಮನಿಗಿ ಕಳಸು, ಪಾಪ.’

ನಾಯಿ ಸಮೇತ ಕಳಿಸಿದೆ. ಉಳಿದದ್ದು ಕಾದ ರಸ್ತೆ, ಮುಚ್ಚಿದ ಗೇಟು.

‘ಈಗ ಹೇಳು. ಮಧುಕರಿಗಿ ಬಂದೋರು ಎಲ್ಲಿ ನಿಂದರಬೇಕು?’

ಗಾಣಗಾಪುರ ಕಂಡವರಿಗೆ ಗೊತ್ತು. ಇಲ್ಲಿಗೆ ಬಂದ ಭಕ್ತರು ನಡುಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆ ಭಿಕ್ಷೆ ಬೇಡುತ್ತಾರೆ. ಅದೇ ಮಧುಕರಿ. ಕಾರಿನಲ್ಲಿ ಬಂದ ಸಾಹುಕಾರನೂ ಬೇಡುತ್ತಾನೆ, ಬರಿಗಾಲಲ್ಲಿ. ಆ ಹೊತ್ತಿಗೆ ದತ್ತ ಮಹಾರಾಜರೂ ವೇಷ ಮರೆಸಿಕೊಂಡು ಭಿಕ್ಷೆಗೆ ಬರುತ್ತಾರೆ ಎಂಬ ನಂಬಿಕೆ. ಅತ್ತಿ ಮದುವೆಯಾಗಿ ಬಂದಾಗಿನಿಂದ ಆ ಕಟ್ಟೆಯ ಮೇಲೆ ನಿಂತೇ ರೊಟ್ಟಿ ತುಣುಕು, ಅನ್ನ ನೀಡಿದವರು. ಅಂದರೆ ಈ ಮನೆಯ ಮುಂಭಾಗಕ್ಕೆ ನಿಜವಾದ ಕೆಲಸ ಇರುವುದೇ ಹನ್ನೆರಡೂವರೆಗೆ. ಅದನ್ನು ನಾನು ಐದೂವರೆಗೆ ಕಟ್ಟಿದ್ದೆ!

ಸೋಲೊಪ್ಪುವ ಜಾಯಮಾನ ನನ್ನದಲ್ಲ. ವಾದಕ್ಕಿಳಿದೆ. ‘ಅತ್ತಿ, ಮನಿ ಕಟ್ಟೋದು ಒಳಗಿರೋರಿಗೋ, ಓಣ್ಯಾಗ ಹೋಗೋರಿಗೋ? ದೇವರು ವೇಷ ಹಾಕ್ಕೊಂಡು ಬರ್ತಾನ ಅನ್ನೋದಕ್ಕ ಪುರಾವೆ ಏನದರಿ?’

ಅತ್ತಿ ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಅಂದರು: ‘ದೇವ್ರು ಬರ್ತಾನೋ ಇಲ್ಲೋ, ನನಗೂ ಗೊತ್ತಿಲ್ಲ ಬೇ. ಬಂದೋರ ಕಾಲು ಸುಡೋದು ಖರೇ ಅಲ್ಲೇನು?’

ಕಾಲೇಜಿನಲ್ಲಿ ಡಿಬೇಟ್ ಕಪ್ ಗೆದ್ದ ನಾನು ಮೌಸ್ ಹಿಡಿದು ಗೇಟನ್ನು ಪಕ್ಕಕ್ಕೆ ಸರಿಸಿದೆ.

‘ಹಂಗಾದ್ರ ಕಾರ್ ಎಲ್ಲಿ ನಿಲ್ಲಸ್ಲಿ?’ ಅಂತ ಮಾಮಾ ಹಿಂದಿನಿಂದ ಗೊಣಗಿದರು. (ಕಾರ್ ಇನ್ನೂ ಬಂದಿಲ್ಲ. ಬಂದೇ ಬರುತ್ತದೆ ಎಂಬುದು ಅವರ ನಂಬಿಕೆ. ಅತ್ತಿಯ ನಂಬಿಕೆಗೆ ಪುರಾವೆ ಕೇಳಿದ ನಾನು ಇದಕ್ಕೆ ಯಾಕೆ ಕೇಳಿರಲಿಲ್ಲ?)

ಆದರೆ ಗೊಣಗುತ್ತಲೇ ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ಮಧ್ಯಾಹ್ನ ಅವರಿರುವುದು ಅಂಗಡಿಯಲ್ಲಿ. ತಮ್ಮ ಬಾಗಿಲಿನ ಹನ್ನೆರಡೂವರೆಯನ್ನು ಅವರು ಬಹುಶಃ ಮೊದಲ ಸಲ ಕಂಡಿದ್ದರು. ಕೊನೆಗೆ ‘ಗೌಂಡಿಗಿ ಫೋನ್ ಹಚ್ಚು’ ಅಂದರು.

ಕಟ್ಟೆ ಉಳಿಯಿತು. ಛಜ್ಜಾ ಎರಡಡಿ ಮುಂದೆ ಬಂತು. ಗೇಟು ಕಿರಿದಾಗಿ ಪಕ್ಕಕ್ಕೆ ಸರಿಯಿತು. ಹೊಸ ರೆಂಡರನ್ನು ಹನ್ನೆರಡೂವರೆಯ ಬಿಸಿಲಿನಲ್ಲೇ ತೆಗೆದು ಕಾಲೇಜಿಗೆ ಒಪ್ಪಿಸಿದೆ. ‘ಬೆಳಕು ಭಾಳ ಖಡಕ್ ಆತು’ ಅಂದರು ಸರ್. ‘ಅಲ್ಲಿ ಬಿಸಿಲೂ ಹಂಗೇ ಅದರಿ ಸರ್’ ಅಂದೆ. ಅವರು ನಕ್ಕರು. ಮಾರ್ಕ್ಸ್ ಇನ್ನೂ ಬಂದಿಲ್ಲ. ಬಂದಷ್ಟು ಬರಲಿ.

ಕಳೆದ ವಾರ ಹೋದಾಗ ಆ ಕಟ್ಟೆಯ ಮೇಲೇ ಕೂತಿದ್ದೆ. ಸೊಲ್ಲಾಪುರದ ಕಡೆಯ ಯಜಮಾನರೊಬ್ಬರು ಜೋಳಿಗೆ ಹಿಡಿದು ಬಂದರು. ಛಜ್ಜಾದ ನೆರಳಿಗೆ ಕಾಲಿಟ್ಟು ‘ಹುಶ್’ ಎಂದು ಉಸಿರುಬಿಟ್ಟರು. ಅತ್ತಿ ರೊಟ್ಟಿ ತರಲು ಒಳಗೆ ಹೋದರು. ಅಂದು ಊಟಕ್ಕೆ ಬಂದಿದ್ದ ಮಾಮಾ ತಡಮಾಡದೆ ಶುರು ಹಚ್ಚಿಕೊಂಡರು: ‘ಈ ನೆರಳು ಅದಲ್ರಿ, ಇದು ಕಂಪ್ಯೂಟರ್ ಕಂಡುಹಿಡಿದದ್ದು...’

ಅವರ ಮಾತು ಮುಗಿಯಲಿ ಎಂದು ಕಾದು, ಅತ್ತಿಗೂ ಕೇಳಿಸುವಂತೆ ಕೇಳಿದೆ:

‘ಮಾಮಾ, ಗಡಿಯಾರ ಹನ್ನೆರಡೂವರಿಗಿ ತಿರುವು ಅಂತ ಆ ಕಂಪ್ಯೂಟರಿಗೆ ಹೇಳಿದೋರು ಯಾರ್ರಿ?’