ಪಿಳ್ಳಮ್ಮ ಎಣಿಸುತ್ತಿರಲಿಲ್ಲ

ಯಲಹಂಕದ ಬಳಿಯ ನಮ್ಮೂರು ಸಿಂಗಾಪುರದ ಕೆರೆ ಏರಿಯ ಮೇಲೆ ಸಂಜೆ ಹೊತ್ತು ಲಾಟೀನು ಹಿಡಿದು ಕಾಳು ಎಣಿಸುವ ಮುದುಕಿಯ ದೆವ್ವವಿದೆ ಎಂದು ನೀವು ಕೇಳಿದ್ದರೆ — ಆ ದೆವ್ವವನ್ನು ಮಾಡಿದವನು ನಾನು. ಅದು ಸುಳ್ಳು. ಬರೀ ಸುಳ್ಳಲ್ಲ, ಬದುಕಿದ್ದ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡ ಸುಳ್ಳು.

ಕಳೆದ ವಾರ ನಮ್ಮ ಬಡಾವಣೆಯ ಕಾಲೇಜು ಹುಡುಗ ಹುಡುಗಿಯರು ಏರಿಯ ಮೇಲೆ ಅಕ್ಕಿ ಎರಚಿ, ಮೊಬೈಲ್ ಹಿಡಿದು, "ಅಜ್ಜೀ, ಎಣ್ಸು ಬಾ" ಎಂದು ಕೂಗಿ ನಗುತ್ತಿದ್ದರು. ನನ್ನ ಮೈ ಉರಿದುಹೋಯಿತು. ಬೈಯಲು ಬಾಯಿ ತೆರೆದೆ — ಯಾರನ್ನು ಬೈಯಲಿ? ಆ ಮಾತು ಮೊದಲು ಬಂದದ್ದು ನನ್ನ ಬಾಯಿಂದಲೇ.

ಅವಳ ಹೆಸರು ಪಿಳ್ಳಮ್ಮ. ಗಂಡ ನಮ್ಮೂರ ನೀರುಗಂಟಿ — ಕೆರೆಯ ತೂಬು ಎತ್ತಿ ಇಳಿಸಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. ಅವನು ಸತ್ತ ಮೇಲೆ ಆ ಕೆಲಸವನ್ನು ಇವಳೇ ಮಾಡಿಕೊಂಡು ಬಂದಳು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವಳಿಗೆ ಒಂದು ಮೊರ ಧಾನ್ಯ ಕೊಡುತ್ತಿದ್ದರು. ಅದೇ ಅವಳ ವರ್ಷದ ಊಟ. ಇಪ್ಪತ್ತರ ಮೇಲೆ ಎಣಿಸಲು ಅವಳಿಗೆ ಬರುತ್ತಿರಲಿಲ್ಲ. ಬೇವಿನ ಮರದ ನೆರಳು ನೋಡಿ ಸರದಿ ಹೇಳುತ್ತಿದ್ದಳು, ತಪ್ಪಿದ್ದು ನಾನು ಕಾಣೆ.

ಐವತ್ತರ ದಶಕದ ಕೊನೆ. ನಾನು ಹೈಸ್ಕೂಲು ಮುಗಿಸಿ ಅಪ್ಪನ ಗದ್ದೆಗೆ ಇಳಿದಿದ್ದೆ. ಆ ಬೇಸಿಗೆ ಕೆರೆಯಲ್ಲಿ ನೀರು ಕಡಿಮೆ. ನಮ್ಮ ಸರದಿ ಮುಗಿದ ಮೇಲೂ ನಾನು ಕಾಲುವೆ ಕಡಿದು ನೀರು ತಿರುಗಿಸಿಕೊಂಡೆ. ಪಿಳ್ಳಮ್ಮ ಬಂದು ಮಣ್ಣು ಮೆತ್ತಿ ಮುಚ್ಚಿದಳು. ಆಮೇಲೆ ಅರಳಿಕಟ್ಟೆಯಲ್ಲಿ ಹತ್ತು ಜನರ ಮುಂದೆ ಕೇಳಿದಳು:

"ಏನಪ್ಪಾ ಐಸ್ಕೂಲಯ್ಯ, ನೀರ್ ಕದಿಯಾದ್ನೂ ಬುಕ್ಕಲ್ಲೇ ಏಳ್ಕೊಟ್ರಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗುವನ್ನು ನುಂಗಿಕೊಳ್ಳುವಷ್ಟು ನಾನಿನ್ನೂ ಬೆಳೆದಿರಲಿಲ್ಲ — ಅಲ್ಲ, ಇದು ನೆಪ. ಇಪ್ಪತ್ತು ತುಂಬಿತ್ತು ನನಗೆ.

ಯಲಹಂಕದ ರೈಲು ನಿಲ್ದಾಣದ ಬಳಿ ಅಂತೋಣಿ ಎಂಬಾತನ ಟೀ ಅಂಗಡಿಯಿತ್ತು. ಹಡಗಿನಲ್ಲಿ ಅಡುಗೆ ಮಾಡಿಕೊಂಡು ಟ್ರಿನಿಡಾಡ್ ದ್ವೀಪದವರೆಗೂ ಹೋಗಿ ಬಂದವನು. ಅಲ್ಲಿನ ದೆವ್ವದ ಕಥೆಗಳನ್ನು ಟೀ ಜೊತೆಗೆ ಬಿಟ್ಟಿಯಾಗಿ ಹೇಳುತ್ತಿದ್ದ.

"ಅಲ್ಲೊಬ್ಳು ಮುದುಕಿ ಇರ್ತಾಳೆ ತಂಬಿ. ಚರ್ಮ ಬಿಚ್ಚಿ ಒರಳಲ್ಲಿ ಮಡಗ್ಬುಟ್ಟು, ಬೆಂಕಿ ಉಂಡೆ ಆಗಿ ಹಾರ್ತಾಳೆ. ದಾರೀಲಿ ಅಕ್ಕಿ ಚೆಲ್ಲಿದ್ರೆ ಸಾಕು, ಒಂದೊಂದೇ ಎಣಿಸ್ಕಂಡು ಕೂತ್ಬುಡ್ತಾಳೆ. ಸಿಕ್ಕಾಕ್ಕೊಂಡ್ಲು!"

ನಮ್ಮ ಕಡೆ ಕೊಳ್ಳಿದೆವ್ವದ ಭಯ ಮೊದಲೇ ಇತ್ತು. ಸಂಜೆ ಏರಿಯ ಮೇಲೆ ಓಡಾಡುವ ಬೆಳಕು ಪಿಳ್ಳಮ್ಮನ ಲಾಟೀನು ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ನಾನು ಮನೆಮನೆಗೆ ಹೇಳಿಕೊಂಡು ಬಂದೆ — "ಅದು ಲಾಟೀನಲ್ಲ, ಅವ್ಳೇ ಉರೀತಾವ್ಳೆ. ಗಂಡನ್ನ ತಿಂದ್ಲು, ಈಗ ಕೆರೆ ಕುಡೀತಾವ್ಳೆ." ನೀರಿಲ್ಲದ ವರ್ಷ, ಜನ ಕಿವಿಗೊಟ್ಟರು. "ದಾರೀಲಿ ರಾಗಿ ಚೆಲ್ಲಾನ. ಮನುಷ್ಯಳಾದ್ರೆ ದಾಟ್ಕೊಂಡು ಓಯ್ತಾಳೆ. ದೆವ್ವ ಆದ್ರೆ ಕೂತು ಎಣಿಸ್ತಾಳೆ" ಎಂದೆ.

ನೋಡಿ — ಅಕ್ಕಿ ಅಲ್ಲ, ರಾಗಿ. ರಾಗಿಯನ್ನು ತುಳಿದು ಹೋಗುವ ಹೆಂಗಸು ನಮ್ಮ ಊರುಗಳಲ್ಲಿ ಇರಲಿಲ್ಲ. ನಾಲ್ಕು ಕಾಳು ಬಿದ್ದಿದ್ದರೂ ಬಗ್ಗಿ ಆಯ್ದು ಕಣ್ಣಿಗೊತ್ತಿಕೊಳ್ಳುವವರು. ನನಗದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಕೇಳಿದವರ ಮನೆಗಳಲ್ಲೂ ಅಂಥ ತಾಯಂದಿರೇ ಇದ್ದರಲ್ಲ — ಒಬ್ಬನಿಗಾದರೂ ಹೊಳೆಯಬಾರದಿತ್ತೇ? ಇಪ್ಪತ್ತರ ಮೇಲೆ ಬಾರದವಳು ಹೇಗೆ ಎಣಿಸುತ್ತಾಳೆ ಎಂದು ಒಬ್ಬನಾದರೂ ಕೇಳಬಾರದಿತ್ತೇ? ಇವತ್ತಿಗೂ ಆ ಊರಿನ ಮೇಲೆ ನನಗೆ ಸಿಟ್ಟು. ನನ್ನ ಮೇಲಿನ ಸಿಟ್ಟಿಗಂತೂ ಹೆಸರೇ ಇಲ್ಲ.

ದೀಪ ಹಚ್ಚುವ ಹೊತ್ತು. ಏರಿಯ ದಾರಿಯಲ್ಲಿ ರಾಗಿ ಚೆಲ್ಲಿದ್ದೆವು. ಪಟೇಲರೂ ಇನ್ನು ಐದಾರು ಜನರೂ ದೂರದ ಪೊದೆಯ ಹಿಂದೆ. ನಾನು ತೂಬಿನ ಕಲ್ಲಿನ ಮರೆಯಲ್ಲಿ, ಹತ್ತಿರ. ಪಿಳ್ಳಮ್ಮ ಬಂದಳು. ಕಾಲಿಗೆ ಕಾಳು ಸಿಕ್ಕಿತು, ನಿಂತಳು. ಲಾಟೀನು ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, ಬಳಿದು ಬಳಿದು ಮಡಿಲಿಗೆ ತುಂಬಿಕೊಳ್ಳತೊಡಗಿದಳು. ತುಟಿ ಅಲ್ಲಾಡುತ್ತಿತ್ತು. ನನಗೆ ಸ್ಪಷ್ಟವಾಗಿ ಕೇಳಿಸಿತು:

"ಯಾರ್ ಮನೇದವ್ವಾ ನೀನು... ತುಳ್ದ್ಬುಟ್ನಲ್ಲಾ ತಾಯಿ, ತಪ್ಪಾಯ್ತು ಕಣವ್ವಾ."

ರಾಗಿಯ ಕ್ಷಮೆ ಕೇಳುತ್ತಿದ್ದಳು. ನಾನು ಪೊದೆಯ ಹಿಂದಕ್ಕೆ ಓಡಿದೆ. ಪಟೇಲರು ಪಿಸುದನಿಯಲ್ಲಿ ಕೇಳಿದರು, "ಏನಂತಾವ್ಳ್ಲಾ?"

ಆಗಲೂ ನಿಜ ಹೇಳಬಹುದಿತ್ತು. ಒಂದೇ ಒಂದು ಮಾತು —

"ಎಣಿಸ್ತಾವ್ಳೆ" ಎಂದೆ.

ಮಾರನೆಯ ದಿನವೇ ತೂಬಿನ ಕೆಲಸ ನನ್ನ ಚಿಕ್ಕಪ್ಪನ ಕೈಗೆ ಬಂತು. ನಮ್ಮ ಗದ್ದೆಗೆ ನೀರು ಮೊದಲು ಹರಿಯಿತು. ಸುಗ್ಗಿಯಲ್ಲಿ ಮೊರ ಹಿಡಿದು ಬಂದ ಪಿಳ್ಳಮ್ಮನನ್ನು ಪ್ರತಿ ಕಣದಿಂದಲೂ ಮಣ್ಣು ಎರಚಿ ಅಟ್ಟಿದರು. ನಮ್ಮ ಕಣದಲ್ಲಿ ಎರಚಿದವನು ನಾನು. ಅವಳು ಊರು ಬಿಟ್ಟಳು.

ಕೆಲವು ವರ್ಷಗಳ ಮೇಲೆ ಚಿಕ್ಕಬಾಣಾವರದ ರೈಲು ನಿಲ್ದಾಣದ ಹೊರಗೆ ಸೀಬೆಹಣ್ಣಿನ ಬುಟ್ಟಿಯ ಮುಂದೆ ಅವಳನ್ನು ಕಂಡೆ. ಗುರುತು ಹಿಡಿದಳು. ಶಾಪ ಹಾಕುತ್ತಾಳೆಂದು ಕಾದೆ, ಹಾಕಿದ್ದರೆ ಒಳ್ಳೆಯದಿತ್ತು.

"ಚೆಂದಾಗಿದ್ದೀಯೇನಪ್ಪಾ? ಈ ಸಲ ಕೆರೆ ಕೋಡಿ ಬಿತ್ತಾ?"

ಬಿದ್ದಿತ್ತು. ಅಷ್ಟನ್ನೂ ಹೇಳದೆ ರೈಲು ಹತ್ತಿದೆ. ಮತ್ತೆ ಅವಳನ್ನು ನೋಡಲಿಲ್ಲ. ಹುಡುಕಲೂ ಇಲ್ಲ.

ಕಳೆದ ವಾರ ಆ ಅಕ್ಕಿಯನ್ನು ತುಳಿಯಲಾರದೆ ನಾನು ಬಗ್ಗಿದೆ. ಮಂಡಿ ಊರಿ ಆಯತೊಡಗಿದಾಗ ಒಬ್ಬ ಹುಡುಗಿ ಮೊಬೈಲನ್ನು ನನ್ನತ್ತ ತಿರುಗಿಸಿ ನಕ್ಕಳು.

"ತಾತಾ, ನೀವೂ ಎಣಿಸ್ತಾ ಇದೀರಾ?"

"ಇಲ್ಲಮ್ಮ. ಪಿಳ್ಳಮ್ಮನೂ ಎಣಿಸ್ತಿರ್ಲಿಲ್ಲ."

"ಯಾರು ತಾತ ಪಿಳ್ಳಮ್ಮ?"

ಆಯ್ದ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ಬಂದೆ. ಆ ಹೆಸರು ತಿಳಿದವನು ಈ ಊರಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಅದಕ್ಕೇ ಇದನ್ನು ಬರೆದೆ. ಭಾನುವಾರ ಸಂಜೆ ಆ ಮಕ್ಕಳು ಮತ್ತೆ ಏರಿಗೆ ಬರುತ್ತಾರೆ. "ಎಣಿಸ್ತಾವ್ಳೆ" ಎಂದ ಜಾಗದಲ್ಲೇ ನಿಂತು ಇದನ್ನು ಓದುತ್ತೇನೆ. ಬೇಕಿದ್ದರೆ ಮೊಬೈಲಿನಲ್ಲಿ ಹಿಡಿಯಲಿ. ನನ್ನ ಮುಖ ಚೆನ್ನಾಗಿ ಕಾಣುವ ಹಾಗೆ ಹಿಡಿಯಲಿ.