ಏರಿನಲ್ಲಿ ನಿಲ್ಲಿಸಿದ ಜೀಪು

ಮೂಡುಬಿದಿರೆಯ ಗ್ಯಾರೇಜಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಮೆಕ್ಯಾನಿಕ್ ಹಮೀದ್ ನಮ್ಮ ಹಳೆಯ ಫೋರ್ ವೀಲ್ ಜೀಪಿನ ಸುತ್ತ ನಿಂತಿದ್ದೆವು. ಹಮೀದ್ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಎಂಜಿನ್ ನಿಂತುಹೋಗಬೇಕಿತ್ತು; ಗುರುಗುಟ್ಟುತ್ತಲೇ ಇತ್ತು.

"ಕ್ಲಚ್ ಪ್ಲೇಟ್ ಪೂರಾ ಸವೆದಿದೆ ಅಣ್ಣ."

"ಸವೆಯದೆ ಇರ್ತದಾ ಮಾರಾಯ? ಡೈರಿಗೆ ಹಾಲು ಕೊಂಡುಹೋಗ್ತೇನೆ ಅಂತ ಇವಳು ಜೀಪು ಕಲಿತದ್ದಲ್ವಾ!" ಎಂದೆ. ಗ್ಯಾರೇಜಿನವರೆಲ್ಲ ನಕ್ಕರು. ಅವಳು ನಗಲಿಲ್ಲ.

ಸಂಜೆ ಹೊಸ ಪ್ಲೇಟ್ ಹಾಕಿಸಿ ನಾರಾವಿಯ ನಮ್ಮ ಮನೆಗೆ ಹೊರಟೆವು. ನಾನೇ ಓಡಿಸುತ್ತಿದ್ದೆ. ಮನೆ ಹತ್ತಿರದ ಏರಿನಲ್ಲಿ ನೆರೆಮನೆಯ ಶೆಟ್ರು ಎದುರಾದರು. ಯಾರು ಸಿಕ್ಕಿದರೂ ಮಾತಾಡಿಸದೆ ಹೋಗಿ ನನಗೆ ಅಭ್ಯಾಸವಿಲ್ಲ. ಎಂದಿನಂತೆ ಅರ್ಧ ಕ್ಲಚ್ ಒತ್ತಿ, ಆಕ್ಸಿಲರೇಟರ್ ಕೊಡುತ್ತಾ, ಜೀಪು ಹಿಂದಕ್ಕೆ ಜಾರದಂತೆ ಹಿಡಿದುಕೊಂಡು ಹರಟೆಗೆ ತೊಡಗಿದೆ. ಮಾತು ಅವರ ಮಗಳ ಮದುವೆಯ ಊಟಕ್ಕೆ ಬರುವಷ್ಟರಲ್ಲಿ ಹೊಸ ಕ್ಲಚ್ ಪ್ಲೇಟ್ ಸುಡುವ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದಳು.

"ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ. ಮತ್ತೆ ಎಷ್ಟು ಬೇಕಾದರೂ ಮಾತಾಡಿ."

ಶೆಟ್ರು ಏನೂ ಅರ್ಥವಾಗದೆ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ.

ಅಂಗಳಕ್ಕೆ ಬಂದು, ತಪ್ಪು ನನ್ನದೇ ಎಂದು ಕೀಲಿಕೈ ಚಾಚಿದೆ. "ಗ್ಯಾರೇಜಿನಲ್ಲಿ ಹೇಳಿದ್ದನ್ನು ಅಂಗಳದಲ್ಲಿ ಹಿಂದೆ ತೆಗೆದುಕೊಂಡರೆ ಆಯ್ತಾ?" ಎಂದು ಅವಳು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಜೀಪು ಅಂಗಳದಲ್ಲೇ ಇತ್ತು. ಅವಳು ಹಾಲಿನ ಕ್ಯಾನು ಹಿಡಿದು ಅದೇ ಏರನ್ನು ನಡೆದು ಹತ್ತುತ್ತಿದ್ದಳು.